ಎರಡು ಅಂತ ಬರ್ಕೊಳ್ಳಿ

ಆಸ್ಪತ್ರೆಯ ಎರಡನೇ ಮಹಡಿ, ಕಾರಿಡಾರಿನ ಬೆಂಚು
ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅಕ್ಕ,

ಹೇಗಿದ್ದೀಯ? ಮೊಣಕಾಲು ಸುಧಾರಿಸಿತೇ, ಇಲ್ಲ ಈಗಲೂ ಮೆಟ್ಟಿಲು ಕಂಡ ಕೂಡಲೇ ಜಗಳಕ್ಕೆ ನಿಲ್ಲುತ್ತದೆಯೇ? ಎಣ್ಣೆ ತಿಕ್ಕು ಅಂದರೆ ನೀನು ತಿಕ್ಕುವವಳಲ್ಲ, ಎಣ್ಣೆಯಲ್ಲಿ ಏನೇನಿದೆ ಅಂತ ಸೀಸೆಯ ಹಿಂದೆ ಓದುವವಳು. ಆದರೂ ತಿಕ್ಕು. ನಿನ್ನ ನೀರು ಪರೀಕ್ಷೆಯ ಕಚೇರಿಯಲ್ಲಿ ಇನ್ನೂ ದಿನಪೂರ್ತಿ ನಿಂತೇ ಕೆಲಸ ಮಾಡುತ್ತೀಯಾ? ಊರಿನವರೆಲ್ಲ ಕುಡಿಯುವ ನೀರಿನಲ್ಲಿ ಎಷ್ಟು ಉಪ್ಪು, ಎಷ್ಟು ಕೆಸರು ಅಂತ ಕೂದಲೆಳೆಯಷ್ಟೂ ತಪ್ಪದೆ ಹೇಳುವ ನಿನಗೆ ಒಂದು ಕುರ್ಚಿ ಕೊಡಲಾರರೇ? ನನ್ನ ಆರೋಗ್ಯ ಚೆನ್ನಾಗಿದೆ. ಕನ್ನಡಕದ ನಂಬರು ಏರಿದೆ, ತಲೆಯ ಕೂದಲು ಇಳಿದಿದೆ, ಲೆಕ್ಕ ಸರಿಹೋಗಿದೆ.

ಮೊನ್ನೆ ಫೋನಿನಲ್ಲಿ ಅಪ್ಪನಿಗೆ ಹುಷಾರಿಲ್ಲ ಅಂದಾಗ ನೀನು ಕೇಳಿದ್ದು ಒಂದೇ ಮಾತು, "ಎಷ್ಟು?" ನಾನು, ಇಲ್ಲಿ ಸಿಗ್ನಲ್ಲು ಸರಿಯಿಲ್ಲ ಅಂತ ಫೋನಿಟ್ಟೆ. ಸಿಗ್ನಲ್ಲು ಚೆನ್ನಾಗಿಯೇ ಇತ್ತು. ಇಡುವ ಮೊದಲು ನೀನು ಅಂದದ್ದೂ ಕೇಳಿಸಿತು: "ಅಂದಿದ್ದನ್ನ ಅವರೇ ವಾಪಸು ತಗೊಂಡರೆ ಬರ್ತೀನಿ. ಇಲ್ಲಾಂದ್ರೆ ಇಲ್ಲ." ಆ ಎಷ್ಟಕ್ಕೂ ಈ ಇಲ್ಲಕ್ಕೂ ಸೇರಿಸಿ ಉತ್ತರ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನೀನು ನಡುವೆ "ವಿಷಯಕ್ಕೆ ಬಾ" ಅಂತೀಯ. ಕಾಗದಕ್ಕೆ ಆ ಬಾಯಿಲ್ಲ. ಎಷ್ಟು ಅಂದರೆ ಇಷ್ಟು: ಹೊಟ್ಟೆಯಲ್ಲಿ ಶುರುವಾದದ್ದು ಈಗ ಎಲ್ಲ ಕಡೆ ಹಬ್ಬಿದೆ. ಕೊಯ್ದು ತೆಗೆಯುವ ಹಂತ ದಾಟಿದೆಯಂತೆ. ದೊಡ್ಡ ಡಾಕ್ಟರನ್ನು ಎಷ್ಟು ದಿನ ಅಂತ ಕೇಳಿದೆ. "ನೋಡೋಣ" ಅಂದರು. ಮಾರನೆಯ ದಿನ ಮತ್ತೆ ಕೇಳಿದೆ. "ನೋಡ್ತಾ ಇರೋಣ" ಅಂದರು. ಇಷ್ಟೆಲ್ಲ ಓದಿದವರು ಇಷ್ಟು ಚಿಕ್ಕ ಮಾತಾಡಿದರೆ ಅದರ ಅರ್ಥ ದೊಡ್ಡದೇ ಇರುತ್ತದೆ ಅಕ್ಕ.

ಇಲ್ಲಿ ದಿನಕ್ಕೆ ಮೂರು ಹೊತ್ತು ನರ್ಸಮ್ಮ ಬಂದು, ಒಂದರಿಂದ ಹತ್ತರವರೆಗೆ ನೋವು ಎಷ್ಟಿದೆ ಅಂತ ಕೇಳುತ್ತಾರೆ. ನಮ್ಮಪ್ಪನಿಗೆ ಹತ್ತರ ಒಳಗೆ ಉತ್ತರ ಹೇಳಿ ಅನ್ನುವುದು ಸಮುದ್ರಕ್ಕೆ ಬಾಟಲಿ ತೋರಿಸಿದ ಹಾಗೆ ಅಂತ ಮೊದಲ ದಿನ ನನಗೆ ನಗು ಬಂದಿತ್ತು. ನೆನಪಿದೆಯಾ, ಬೆರಳಿಗೆ ಸಿಬಿರು ಚುಚ್ಚಿದರೆ ಮರವೇ ಕೈಯೊಳಗೆ ಬೆಳೆದಿದೆ ಅನ್ನುತ್ತಿದ್ದವರು. ನೆಗಡಿಯಾದರೆ ಮೂಗಿನಲ್ಲಿ ಎರಡು ಹೊಳೆ, ಒಂದಕ್ಕೆ ಸೇತುವೆ ಕಟ್ಟಿ ಅಂತ ಅಮ್ಮನಿಗೆ ಅರ್ಜಿ ಹಾಕುತ್ತಿದ್ದವರು. ಅಂಥ ಮನುಷ್ಯ ನರ್ಸಮ್ಮನ ಮುಖ ನೋಡದೆ, "ಎರಡು ಅಂತ ಬರ್ಕೊಳ್ಳಿ" ಅಂದರು. ಅವರು ಬರೆದುಕೊಂಡು ಹೊರಟರು. ಅಪ್ಪ ಹೊದಿಕೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದದ್ದನ್ನು ನಾನು ನೋಡಿದೆ. ಓಡಿಹೋಗಿ, "ಸಿಸ್ಟರ್, ಅಪ್ಪನ ಎರಡು ಅಂದ್ರೆ ಒಂಬತ್ತು, ದಯವಿಟ್ಟು ತಿದ್ಕೊಳ್ಳಿ" ಅಂದೆ. "ಪೇಶೆಂಟ್ ನೀವಾ ಅವರಾ?" ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ. ಎರಡಕ್ಕೆ ಎಷ್ಟು ಔಷಧಿಯೋ ಅಷ್ಟೇ ಬಂತು. ಅಂದಿನಿಂದ ನನ್ನ ಕೆಲಸ ಇದು: ಮೂರು ಹೊತ್ತು ಅಪ್ಪನ ಮಾತನ್ನು ಹಿಗ್ಗಿಸಿ ಹೇಳುವುದು, ಮೂರು ಹೊತ್ತು ಬೈಸಿಕೊಳ್ಳುವುದು. ಬದುಕಿಡೀ ಅವರ ಮಾತನ್ನು ಕುಗ್ಗಿಸಿ ಕೇಳಿದವಳಿಗೆ ಈ ವಯಸ್ಸಿನಲ್ಲಿ ಗುಣಾಕಾರ ಕಲಿಯುವ ಪಾಡು. ನಿನ್ನೆ ಮೆಲ್ಲಗೆ, ಯಾಕಪ್ಪ ಹೀಗೆ ಕಮ್ಮಿ ಹೇಳ್ತೀರ ಅಂದೆ. "ಚಿಕ್ಕದನ್ನ ದೊಡ್ಡದು ಮಾಡಿ ಹೇಳ್ಬೋದು ಕಣೇ. ದೊಡ್ಡದನ್ನ ಏನು ಮಾಡಿ ಹೇಳ್ಲಿ?" ಅಂದರು.

ಆ ಮಾತು ಕೇಳಿದಾಗಿನಿಂದ ನಮ್ಮ ಹರಾಜು ಅಂಗಡಿಯೇ ಕಣ್ಣ ಮುಂದೆ ಬರುತ್ತಿದೆ. ಬೀದಿಗೆ ಬೀದಿಯೇ ಅಪ್ಪನನ್ನು 'ಮೂರುಲೋಕ' ಅಂತ ಕರೆಯುತ್ತಿತ್ತು, ಮೂರು ಲೋಕದಲ್ಲಿ ಇಂಥದ್ದಿಲ್ಲ ಅನ್ನದೆ ಅವರು ಒಂದು ಮುರುಕು ಸ್ಟೂಲನ್ನೂ ಮಾರಿದವರಲ್ಲ. ಮನೆ ಖಾಲಿ ಮಾಡುವವರ ಹಳೆಯ ಸಾಮಾನು ತಂದು ಸಾಲಾಗಿ ನಿಲ್ಲಿಸಿ, ತಾವು ಹಲಗೆಯ ಮೇಲೆ ಹತ್ತಿ ಸುತ್ತಿಗೆ ಹಿಡಿದರೆಂದರೆ ಕೊಳ್ಳದವರೂ ಕೇಳಲು ಬರುತ್ತಿದ್ದರು. "ಈ ಗಡಿಯಾರ ನಿಂತಿಲ್ಲ ಸ್ವಾಮಿ, ಕಾಲವೇ ಇದನ್ನ ನೋಡ್ತಾ ನಿಂತುಬಿಟ್ಟಿದೆ." "ಈ ಮಂಚದ ಮೇಲೆ ಒಮ್ಮೆ ಮಲಗಿ, ಎಬ್ಬಿಸೋಕೆ ನಿಮ್ಮ ಮೊಮ್ಮಕ್ಕಳೇ ಬರಬೇಕು." ನೀನು ಪಕ್ಕದ ಮೇಜಿನಲ್ಲಿ ರಸೀದಿ ಬರೆಯುತ್ತ ತಲೆ ಎತ್ತದೆ, "ಗಡಿಯಾರ ಕೆಟ್ಟಿದೆ, ಮಂಚ ತಗ್ಗಾಗಿದೆ" ಅಂತ ರಸೀದಿಯ ಮೇಲೆಯೇ ಬರೆದುಕೊಡುತ್ತಿದ್ದೆ. ಕರಪತ್ರಕ್ಕೆ ಪದ್ಯ ಹೊಸೆಯುವ ಕೆಲಸ ನನ್ನದು. "ಕಾಲು ಮೂರೇ ಇದ್ದರೇನು, ಮೇಜಿಗುಂಟು ಗತ್ತು, ಗೋಡೆಗೊರಗಿಸಿಟ್ಟ ಮೇಲೆ ಯಾರಿಗದು ಗೊತ್ತು." ಬಿ.ಎ. ಪದವಿಯಿಂದ ನಾನು ಈ ಲೋಕಕ್ಕೆ ಮಾಡಿದ ಉಪಕಾರ ಇದೊಂದೇ. ಅಪ್ಪ ನಿನ್ನನ್ನು ತಕ್ಕಡಿ ಅಂದರು, ನನ್ನನ್ನು ಗಿಲಕಿ ಅಂದರು. ಅಮ್ಮ ಮಾತ್ರ ಇಬ್ಬರಿಗೂ ಒಂದೇ ಪಾಠ ಹೇಳಿಕೊಟ್ಟಿದ್ದಳು: ನಿಮ್ಮಪ್ಪನ ಮಾತನ್ನ ಬಿಸಿಬಿಸಿ ಕುಡೀಬೇಡಿ, ಸ್ವಲ್ಪ ಹೊತ್ತು ಇಡಿ, ನೊರೆ ಇಳಿದ ಮೇಲೆ ಎಷ್ಟು ಉಳಿಯುತ್ತೋ ಅಷ್ಟು ಕುಡೀರಿ. ಅಮ್ಮ ಇನ್ನೂ ಇದ್ದಿದ್ದರೆ ನಾನು ಈ ಪತ್ರ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಪಕ್ಕದ ಹಾಸಿಗೆಯಲ್ಲಿ ಒಬ್ಬರು ನಿವೃತ್ತ ಬಸ್ ಡ್ರೈವರು ಇದ್ದಾರೆ, ಸೊಂಟ ಮುರಿದು ಮಲಗಿದ್ದಾರೆ. ಅಪ್ಪನ ಗುರುತು ಹತ್ತಿದ ಕೂಡಲೇ, "ಏನ್ ಯಜಮಾನರೇ, ನೀವು ಕೊಟ್ಟ ಕಪಾಟಿನ ಬಾಗಿಲು ಮೂರನೇ ದಿನಕ್ಕೆ ಕೈಗೆ ಬಂತು. ಆದ್ರೂ ಇವತ್ತಿಗೂ ಇಟ್ಕೊಂಡಿದ್ದೀನಿ" ಅಂದರು. ಯಾಕೆ ಅಂದೆ. "ಅದರ ಬಗ್ಗೆ ಇವರು ಹೇಳಿದ್ದನ್ನ ಬಿಸಾಕೋಕೆ ಮನಸ್ಸು ಬರಲ್ಲಮ್ಮ. ಬಾಗಿಲು ತೆಗೆದು ಒಳಗೆ ಹೋದ್ರೆ ಆಚೆ ಬರೋಕೆ ದಾರಿ ಕೇಳ್ಬೇಕು ಅಂದಿದ್ರು. ನನ್ನ ಹೆಂಡತಿ ಈಗಲೂ ಸೀರೆ ಹುಡುಕುವಾಗ ದಾರಿ ಕೇಳ್ತಾಳೆ." ವಾರ್ಡು ಪೂರ್ತಿ ನಕ್ಕಿತು. ಅಪ್ಪ ನಗಲಿಲ್ಲ. "ಬಾಗಿಲ ಸ್ಕ್ರೂ ಸಡಿಲ ಇತ್ತು. ನನಗೆ ಗೊತ್ತಿತ್ತು" ಅಂದು ಗೋಡೆಯ ಕಡೆ ತಿರುಗಿಕೊಂಡರು. ಪಾಪ ಡ್ರೈವರಿಗೆ ಯಾಕಾದರೂ ಮಾತೆತ್ತಿದೆನೋ ಅನ್ನಿಸಿತು. ನನಗೆ ಮಾತ್ರ ಡಾಕ್ಟರ ಯಾವ ರಿಪೋರ್ಟಿಗಿಂತಲೂ ಆ ಸ್ಕ್ರೂ ಹೆಚ್ಚು ಭಯ ಹುಟ್ಟಿಸಿತು.

ಕಾಲೇಜಿನಲ್ಲಿ ನಮಗೆ ಅಲಂಕಾರ ಪಾಠ ಹೇಳುತ್ತಿದ್ದ ಕನ್ನಡ ಮೇಷ್ಟರ ವಿಷಯ ನಿನಗೆ ಹಿಂದೆ ಹೇಳಿದ್ದೆನೋ ಇಲ್ಲವೋ. ಅತಿಶಯೋಕ್ತಿಯ ದಿನ ಒಬ್ಬ ಹುಡುಗ ಎದ್ದು, ಸಾರ್, ಊರಿನ ಗೋಪುರಕ್ಕೆ ಚಂದ್ರ ತಗುಲಿ ಗೀರು ಬಿತ್ತು ಅಂತ ಹಳೆಯ ಕವಿಗಳು ಬರೀತಾರಲ್ಲ, ಇದು ಶುದ್ಧ ಸುಳ್ಳಲ್ಲವಾ ಅಂದ. ಮೇಷ್ಟರು ಕೋಪಿಸಿಕೊಳ್ಳಲಿಲ್ಲ. "ಸುಳ್ಳು ಹೇಳುವವನು ನೀನು ನಂಬಲಿ ಅಂತ ಹೇಳ್ತಾನೆ. ಕವಿ ನೀನು ನಂಬಲ್ಲ ಅಂತ ಗೊತ್ತಿದ್ದೇ ಹೇಳ್ತಾನೆ. ಅವನು ಗೋಪುರದ ಎತ್ತರ ಹೇಳ್ತಿಲ್ಲಪ್ಪ. ಅದನ್ನ ಕಂಡಾಗ ತನ್ನ ಕೈಯ ಅಳತೆಗೋಲು ಮುರೀತು ಅಂತ ಹೇಳ್ತಿದ್ದಾನೆ" ಅಂದರು. ಅದನ್ನು ನಾನು ಪರೀಕ್ಷೆಯಲ್ಲಿ ಬರೆದೆ, ಅಂಕ ಬರಲಿಲ್ಲ, ಗೈಡಿನಲ್ಲಿ ಹಾಗಿರಲಿಲ್ಲ. ಆದರೆ ಮನೆಗೆ ಬಂದು ಅಪ್ಪನ ಮಾತು ಕೇಳಿದಾಗಲೆಲ್ಲ ಅದೇ ನೆನಪಾಗುತ್ತಿತ್ತು. ಕಣ್ಣೀರು ಹೊಳೆಯಾಯಿತು ಅಂದರೆ ಹೊಳೆಯನ್ನು ಹುಡುಕಬಾರದು, ಅಳುತ್ತಿರುವವರನ್ನು ನೋಡಬೇಕು. ಈಗೆಲ್ಲ ಅದೂ ಕೆಟ್ಟುಹೋಗಿದೆ ಬಿಡು. ಹಲ್ಲುಜ್ಜುವ ಪೇಸ್ಟೂ ಅದ್ಭುತ, ಲಿಫ್ಟಿನ ಕನ್ನಡಿಯೂ ಅಮೋಘ. ಹಳೆಯ ಸಾಮಾನನ್ನು ಜನ ಫೋನಿನಲ್ಲೇ ಫೋಟೋ ಹಾಕಿ ಮಾರುತ್ತಾರೆ, ಕೆಳಗೆ 'ಬಳಸಿದ್ದು, ಸ್ಥಿತಿ ಪರವಾಗಿಲ್ಲ' ಅಂತ ಬರೆಯುತ್ತಾರೆ. ಅಂಗಡಿಯ ಬಾಗಿಲು ಎಳೆದು ಬಹಳ ಕಾಲವಾಯಿತು. ಕೂಗುವವರಿಗೆ ಕೂಗು ಇಲ್ಲ, ಕೇಳುವವರಿಗೆ ಕಿವಿ ಇಲ್ಲ. ಪ್ರಾಸ ತಪ್ಪಿತು, ಕ್ಷಮಿಸು, ಇತ್ತೀಚೆಗೆ ತಪ್ಪುತ್ತಿದೆ.

ಆ ತೊಟ್ಟಿಲಿನ ವಿಷಯಕ್ಕೆ ಬರುತ್ತೇನೆ, ನೀನು ಹುಬ್ಬು ಗಂಟಿಕ್ಕಿದರೂ ಸರಿಯೇ. ಅಂದು ಹಲಗೆಯ ಮೇಲೆ ನಿಂತು ಅಪ್ಪ, "ಆನೆಮರಿ ಮಲಗಿಸಿ ತೂಗಿ, ಕಿರ್ ಅಂದ್ರೆ ನನ್ನ ಹೆಸರು ಬದಲಾಯಿಸಿ" ಅಂತ ಕೂಗುತ್ತಿದ್ದರು. ಎಂದಿನ ಜನ ಎಂದಿನ ಹಾಗೆ ನಗುತ್ತಿದ್ದರು. ಮುಂದೆ ನಿಂತಿದ್ದ ಬಸುರಿ ಹೆಂಗಸು ಮಾತ್ರ ನಗುತ್ತಿರಲಿಲ್ಲ. ಆಕೆ ಆ ಬೀದಿಗೆ ಹೊಸಬಳು, ಕೈ ಎತ್ತುತ್ತಲೇ ಇದ್ದಳು. ನೀನು ರಸೀದಿ ಪುಸ್ತಕ ಮುಚ್ಚಿ ಎದ್ದು ನಿಂತು, "ತಗೋಬೇಡಿ. ಇದರ ಕೀಲು ಬಿರುಕು ಬಿಟ್ಟಿದೆ. ನಮ್ಮಪ್ಪ ಹೇಳ್ತಿರೋದು ಸುಳ್ಳು" ಅಂದೆ. ಜನ ಮತ್ತೆ ನಕ್ಕರು. ಅದುವರೆಗೆ ಅವರು ಅಪ್ಪನ ಜೊತೆ ನಕ್ಕಿದ್ದರು, ಆಗ ಅಪ್ಪನನ್ನು ನೋಡಿ ನಕ್ಕರು. ನೀನು ಹೇಳಿದ್ದು ಸರಿ ಅಕ್ಕ. ನಂಬದವರ ಮುಂದೆ ಹೇಳಿದರೆ ಅದು ಪದ್ಯ, ನಂಬುವವಳ ಮುಂದೆ ಹೇಳಿದರೆ ಪೆಟ್ಟು ಬೀಳುವುದು ಆಕೆಯ ಮಗುವಿನ ತಲೆಗೆ. ಮೇಷ್ಟರೂ ನಿನ್ನ ಪರವೇ ನಿಲ್ಲುತ್ತಿದ್ದರು. ಆ ಸಂಜೆ ಊಟಕ್ಕೆ ಕೂತಾಗ ಅಪ್ಪ ಅಂದದ್ದು ನಿನಗೂ ಬಾಯಿಪಾಠ, ನನಗೂ ಬಾಯಿಪಾಠ. "ಜನರ ಮುಂದೆ ನನ್ನನ್ನ ಸುಳ್ಳುಗಾರ ಅಂದವಳ ಮುಖ ಏಳು ಜನ್ಮಕ್ಕೂ ನೋಡಲ್ಲ. ನೀನು ನನ್ನ ಮಗಳಲ್ಲ." ಆಮೇಲೆ ಬಲಗೈಯ ಸೌಟನ್ನು ಮೇಲೆತ್ತಿ, ಹಲಗೆಯ ಮೇಲಿನ ಅದೇ ದನಿಯಲ್ಲಿ, "ಒಂದು ಸಲ. ಎರಡು ಸಲ" ಅಂದರು. ನೀನು ಕೈ ತೊಳೆದು, ಬ್ಯಾಗು ತುಂಬಿಸಿಕೊಂಡು ಹೊರಟೆ. ಅನ್ನ ಹಾಗೇ ಇತ್ತು.

ಇಲ್ಲೇ ನನ್ನ ವಾದ ಇರುವುದು. ಬೇರೆ ಯಾವ ಮನೆಯ ಮಗಳಾದರೂ ಒಂದು ಎರಡು ಅಂತ ಅಪ್ಪ ಎಣಿಸಿದರೆ ಹೆದರಿ ಕೂರುತ್ತಿದ್ದಳು, ಇಲ್ಲ ಅಳುತ್ತಿದ್ದಳು. ಹರಾಜಿನವರ ಮಗಳಾದ ನೀನು ಅದನ್ನು ತೀರ್ಮಾನ ಅಂತ ತೆಗೆದುಕೊಂಡೆ. ಆದರೆ ಅಂಗಡಿಯ ಕಟ್ಟುಪಾಡು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೂರನೇ ಸಲ ಅಂದು ಸುತ್ತಿಗೆ ಬೀಳುವವರೆಗೆ ಯಾವ ಮಾತೂ ಮಾತಲ್ಲ, ಯಾರು ಬೇಕಾದರೂ ಹಿಂದೆ ಸರಿಯಬಹುದು, ಯಾರು ಬೇಕಾದರೂ ಕೈ ಎತ್ತಬಹುದು. ಎರಡಕ್ಕೂ ಮೂರಕ್ಕೂ ನಡುವೆ ಅಪ್ಪ ಯಾವಾಗಲೂ ಉದ್ದಕ್ಕೆ ಉಸಿರು ಹಿಡಿದು ಕಾಯುತ್ತಿದ್ದರು, ಆ ಕಾಯುವಿಕೆಯಲ್ಲೇ ಅವರ ಅನ್ನ ಇತ್ತು. ಅಂದೂ ಸೌಟು ಎತ್ತಿ ಹಿಡಿದು ಕಾದರು. ನೀನು ಬಾಗಿಲು ದಾಟಿದ ಮೇಲೂ ಹಿಡಿದೇ ಇದ್ದರು, ಸಾರು ತೋಳಿನ ಮೇಲೆ ಇಳಿಯುತ್ತಿತ್ತು. ಮೂರು ಅನ್ನಲಿಲ್ಲ. ಹಾಗಾಗಿ ವಾಪಸು ತೆಗೆದುಕೊಳ್ಳಲು ಅಲ್ಲಿ ಏನೂ ಇಲ್ಲ ಅನ್ನುವುದು ನನ್ನ ವಾದ. ಏಳು ಜನ್ಮ ಅಂದದ್ದು ಕಾಲದ ಲೆಕ್ಕ ಅಲ್ಲ. ಎಷ್ಟು ನೋವಾಗಿದೆ ಅಂತ ಕೇಳಿದ್ದರೆ ಅಂದು ಅವರು ಕೊಡುತ್ತಿದ್ದ ಸಂಖ್ಯೆ ಅದು. ಒಂದರಿಂದ ಹತ್ತರೊಳಗೆ ಹೇಳಿ ಅಂತ ನಮ್ಮಲ್ಲಿ ಯಾರೂ ಕೇಳಲಿಲ್ಲ, ಅಷ್ಟೇ. ಈ ವಾದವನ್ನು ನಾನು ಹಲವು ವರ್ಷಗಳಿಂದ ಮನಸ್ಸಿನಲ್ಲೇ ತೊಳೆದು ಒಣಗಿಸಿ ಮಡಿಸಿಟ್ಟುಕೊಂಡಿದ್ದೇನೆ. ನನಗೆ ಇದಕ್ಕಿಂತ ಒಳ್ಳೆಯ ಆಸ್ತಿ ಬೇರೆ ಇಲ್ಲ.

ಈಗ ಅಪ್ಪನನ್ನು ನೋಡಿದರೆ ನಿನಗೆ ಗುರುತು ಸಿಗುತ್ತದೋ ಇಲ್ಲವೋ. ಕುತ್ತಿಗೆ ಮಣಿಕಟ್ಟಿನಷ್ಟಾಗಿದೆ. ಇದರಲ್ಲಿ ನೊರೆ ಎಷ್ಟು ಅಂತ ನೋಡಬೇಡ, ನನ್ನ ಬೆರಳಿನಲ್ಲೇ ಅಳೆದೆ. ಎರಡು ಚಮಚ ಸೂಪು ಹೋದರೆ ಆ ದಿನ ಊಟವಾಯಿತು. ಕಿಟಕಿಯ ಆಚೆ ಕಾರು ನಿಲ್ಲಿಸುವ ಜಾಗ ಬಿಟ್ಟರೆ ಏನೂ ಕಾಣುವುದಿಲ್ಲ. ಅವರು ಅದನ್ನೂ ನೋಡುವುದಿಲ್ಲ. ಯಾವುದನ್ನೂ ಹೊಗಳುವುದಿಲ್ಲ, ಯಾವುದನ್ನೂ ತೆಗಳುವುದಿಲ್ಲ. ಸೂಪು ಹೇಗಿದೆ ಅಂದರೆ "ಬಿಸಿ ಇದೆ" ಅನ್ನುತ್ತಾರೆ. ಕರಪತ್ರದ ಹಳೆಯ ಪದ್ಯ ಹೇಳಿದೆ, ನಗಲಿ ಅಂತ. "ಮೇಜಿಗೆ ಕಾಲು ಮೂರೇ ಇತ್ತು" ಅಂದರು. ನೀನು ಬಂದರೆ ನಿನ್ನ ಜೊತೆ ಚೆನ್ನಾಗಿ ಹೊಂದುತ್ತಾರೆ, ಈಗ ನಿನ್ನ ಭಾಷೆಯನ್ನೇ ಆಡುತ್ತಾರೆ. ಇದು ತಮಾಷೆಗೆ ಅಂದದ್ದು. ನಾಳೆ ಬೆಳಿಗ್ಗೆ ಔಷಧಿ ಕೊಟ್ಟ ಮೇಲೆ ಸ್ವಲ್ಪ ಹೊತ್ತು ತಿಳಿಯಾಗಿರುತ್ತಾರೆ, ಆಗ ನಿನ್ನ ವಿಷಯ ಎತ್ತುತ್ತೇನೆ. ಅಕ್ಕನನ್ನ ಕರೆಸಲಾ ಅಂತ ಕೇಳುತ್ತೇನೆ. ಅವರು ಹೂಂ ಅಂದರೆ ಆ ಹೂಂ ಅನ್ನು ಹಾಗೇ ಈ ಲಕೋಟೆಯಲ್ಲಿ ಹಾಕಿ ಕಳಿಸುತ್ತೇನೆ, ಹಿಗ್ಗಿಸದೆ, ಕುಗ್ಗಿಸದೆ. ನೀನು ಬಟ್ಟೆ ಜೋಡಿಸಿಟ್ಟುಕೊಂಡಿರು.

ಮೊಣಕಾಲಿಗೆ ಎಣ್ಣೆ ಮರೆಯಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ಹಿರಿಯಳಾದ ನಿನಗೆ ನಮಸ್ಕಾರ. ನಿನ್ನ ಆಶೀರ್ವಾದ ಇರಲಿ ಅಂತ ಕೇಳಬಹುದಿತ್ತು, ನೀನು ಎಷ್ಟು ಬೇಕು ಅಂತ ಕೇಳುವೆಯೆಂದು ಬಿಟ್ಟಿದ್ದೇನೆ.

ನಿನ್ನ ತಂಗಿ,
ಗಿಲಕಿ

ತಾ.ಕ.: ಬುಧವಾರ ಬೆಳಿಗ್ಗೆ. ಕೇಳಿದೆ. ನಿನಗೆ ಬರೆದ ವಾದವನ್ನೆಲ್ಲ ಅವರಿಗೂ ಹೇಳಿದೆ, ಮೂರನೇ ಸಲ ಅನ್ನಲಿಲ್ಲವಲ್ಲ ಅಪ್ಪ ಅಂತ. ಪೂರ್ತಿ ಕೇಳಿಸಿಕೊಂಡರು. ತಲೆ ತಿಳಿಯಾಗಿತ್ತು, ನೀರು ಕೇಳಿ ಕುಡಿದು ಮಾತಾಡಿದರು. "ಅವಳಿಗೆ ಹೆಚ್ಚು ಮಾಡಿ ಹೇಳೋಕೆ ಬರಲ್ಲ. ಸುಳ್ಳುಗಾರ ಅಂದಿದ್ದು ಅಳೆದೇ ಅಂದಳು. ನಾನೂ ಅವತ್ತು ಅಳೆದೇ ಅಂದೆ. ಅದೊಂದು ಮಾತಲ್ಲಿ ನೀನು ನೊರೆ ಹುಡುಕಬೇಡ. ಅವಳು ಬರೋದು ಬೇಡ." ದನಿ ಏರಿಸಲಿಲ್ಲ. ಕೋಪವೂ ಇರಲಿಲ್ಲ, ಇದ್ದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಡಾಕ್ಟರು ಇವತ್ತು ನೋಡೋಣ ಅನ್ನಲಿಲ್ಲ, ಹತ್ತಿರದವರಿಗೆ ತಿಳಿಸಿ ಅಂದರು. ಮೇಲೆ ಬರೆದದ್ದನ್ನೆಲ್ಲ ಹರಿದುಹಾಕಬೇಕಿತ್ತು, ಹೊಸದಾಗಿ ಬರೆಯುವ ಶಕ್ತಿ ಇಲ್ಲ, ಹಾಗೇ ಕಳಿಸುತ್ತಿದ್ದೇನೆ. ಅವರಿಗಾಗಿ ಬರಬೇಡ ಅಕ್ಕ. ಕೆಳಗೆ ಆಸ್ಪತ್ರೆಯ ಪಕ್ಕದ ಗೇಟಿನ ಹತ್ತಿರ ಒಂದು ಟೀ ಅಂಗಡಿ ಇದೆ, ನೀನು ಅಲ್ಲಿಯವರೆಗೆ ಮಾತ್ರ ಬಾ. ವಾರ್ಡಿಗೆ ಕರೆಯುವುದಿಲ್ಲ, ಅವರಿಗೆ ಹೇಳುವುದೂ ಇಲ್ಲ. ನಾನು ಇಳಿದು ಬರುತ್ತೇನೆ. ಒಬ್ಬಳೇ ಕೂತು ಇದನ್ನು ನೋಡಲು ನನ್ನ ಕೈಲಿ ಆಗುತ್ತಿಲ್ಲ.